ಮಲೆನಾಡಿನ ನಿಸರ್ಗ ಛಾಯಾಗ್ರಾಹಕರ ಪ್ರಾದೇಶಿಕ ಗುಂಪು ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿ ಬೆಟ್ಟದ ಮೇಲಿಂದ ತೆಗೆದ ಸೂರ್ಯೋದಯದ ಚಿತ್ರವನ್ನು ಆನ್‌ಲೈನ್ ಬಳಗದಲ್ಲಿ ಹಾಕಿದರೆ ಬೀದರಿನಿಂದಲೂ ಮೆಚ್ಚುಗೆ ಬರುತ್ತದೆ, ದುಬೈಯಿಂದಲೂ ಬರುತ್ತದೆ. ನಾಳೆ ಬೆಳಗಿನ ಜಾವ ಅಲ್ಲಿ ಮಂಜು ಕವಿಯಬಹುದೇ, ನಿನ್ನೆಯ ಗಾಳಿಗೆ ರಸ್ತೆಗೆ ಮರ ಬಿದ್ದಿದೆಯೇ ಎಂದು ಕೇಳಿದರೆ ಮಾತ್ರ ಉತ್ತರ ಹೇಳಬಲ್ಲವರು ಬೆಟ್ಟಕ್ಕೆ ಹತ್ತಿರದ ಗುಡ್ಡೇಕೇರಿ ಕಡೆಯ ನಾಲ್ಕಾರು ಮಂದಿ. ಸಾವಿರಾರು ಸದಸ್ಯರಿರುವ ಬಳಗದಲ್ಲಿ ಆ ಪ್ರಶ್ನೆ ಅವರ ಕಣ್ಣಿಗೆ ಬೀಳುವಷ್ಟರಲ್ಲಿ ಕಬಿನಿಯ ಕರಿಚಿರತೆ, ಲಡಾಖಿನ ಆಕಾಶ, ಹಳೆಯ ಲೆನ್ಸ್ ಮಾರಾಟದ ಜಾಹೀರಾತುಗಳ ಅಡಿಯಲ್ಲಿ ಹೂತುಹೋಗಿರುತ್ತದೆ.

ಪ್ರಾದೇಶಿಕ ಗುಂಪು ಬೇಕಾಗುವುದು ಇಂಥ ಪ್ರಶ್ನೆಗಳಿಗಾಗಿ. ದೊಡ್ಡ ಬಳಗದ ಚಿಕ್ಕ ನಕಲು ಮಾಡಿಕೊಂಡು ಅಲ್ಲಿಯೂ ಅದೇ ಚಿತ್ರ, ಅದೇ ಹೊಗಳಿಕೆ ಹಂಚಿಕೊಳ್ಳುವುದಾದರೆ ಪಟ್ಟ ಶ್ರಮ ದಂಡ. ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ಸೂತ್ರ ಒಂದೇ: ಚಿತ್ರ ಮೂಲ ಬಳಗಕ್ಕೆ, ಅಂದರೆ ಆ ದೊಡ್ಡ ಆನ್‌ಲೈನ್ ಬಳಗಕ್ಕೆ ಹೋಗಬೇಕು, ಜಾಗದ ತಿಳಿವಳಿಕೆ ಪ್ರಾದೇಶಿಕ ಗುಂಪಿನಲ್ಲಿ ಉಳಿಯಬೇಕು. ಉದಾಹರಣೆಗಳನ್ನೆಲ್ಲ ಶಿವಮೊಗ್ಗ ಜಿಲ್ಲೆ ಮತ್ತು ಅದರ ನೆರೆಯ ಮಲೆನಾಡಿನಿಂದ ತೆಗೆದುಕೊಂಡಿದ್ದೇನೆ.

ಹಂತ 1: ಯಾರು ಎಲ್ಲಿದ್ದಾರೆ ಎಂದು ತಿಳಿಯಿರಿ

ಉತ್ಸಾಹ ಬಂದ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ಗುಂಪು ತೆರೆದು, ಸಿಕ್ಕವರನ್ನೆಲ್ಲ ಸೇರಿಸುವುದು ನಮ್ಮಲ್ಲಿ ರೂಢಿ. ಹಾಗೆ ಹುಟ್ಟಿದ ಗುಂಪು ಹದಿನೈದು ದಿನಗಳಲ್ಲಿ ಶುಭೋದಯದ ಸಂದೇಶಗಳಿಗೆ ಮೀಸಲಾಗುತ್ತದೆ. ಅದರ ಬದಲು ಮೂಲ ಬಳಗದ ನಿರ್ವಾಹಕರ ಒಪ್ಪಿಗೆ ಪಡೆದು ಮೊದಲು ಒಂದು ಚಿಕ್ಕ ಪ್ರಶ್ನಾವಳಿ ಹಾಕಿ. ಗೂಗಲ್ ಫಾರ್ಮ್ ಸಾಕು. ಈಗ ವಾಸವಿರುವ ಊರು ಯಾವುದು, ಹೆಚ್ಚಾಗಿ ಚಿತ್ರ ತೆಗೆಯುವುದು ಎಲ್ಲಿ, ಓಡಾಟಕ್ಕೆ ಸ್ವಂತ ವಾಹನವೋ ಬಸ್ಸೋ ಎಂದು ಕೇಳಿ. ಇದರ ಜೊತೆಗೆ ಇನ್ನೊಂದು ಪ್ರಶ್ನೆ ತಪ್ಪದೆ ಇರಲಿ: ಬೆಳಕು ಹರಿಯುವ ಮೊದಲು ಮನೆ ಬಿಟ್ಟು ಮಧ್ಯಾಹ್ನದ ಊಟಕ್ಕೆ ಮರಳುವಷ್ಟು ದೂರದಲ್ಲಿ ನೀವು ಬಲ್ಲ ಜಾಗಗಳು ಯಾವುವು?

ಮುಖ್ಯವಾದದ್ದು ಈ ಕೊನೆಯ ಪ್ರಶ್ನೆ. ಪ್ರದೇಶದ ಅಳತೆ ಅದರಿಂದಲೇ ಸಿಗುತ್ತದೆ. ಶಿವಮೊಗ್ಗದಿಂದ ಸಾಗರಕ್ಕೆ 70 ಕಿ.ಮೀ. ಮೇಲಾಗುತ್ತದೆ, ಅಲ್ಲಿಂದ ಜೋಗಕ್ಕೆ ಇನ್ನೂ 30. ಜಿಲ್ಲೆ ಒಂದೇ ಆದರೂ ಭದ್ರಾವತಿಯವರು ಜೋಗದ ಕಣಿವೆಯಲ್ಲಿ ಬೆಳಗಿನ ಮೊದಲ ಬೆಳಕು ಹಿಡಿಯಬೇಕಾದರೆ ಹಿಂದಿನ ರಾತ್ರಿಯೇ ಹೋಗಿ ತಂಗಬೇಕು. ವರ್ಷಕ್ಕೊಮ್ಮೆ ಹಾಗೆ ಹೋಗಬಹುದು, ವಾರಕ್ಕೊಮ್ಮೆ ಆಗದು. ಗುಂಪನ್ನು ಜೀವಂತವಾಗಿಡುವುದು ವಾರಕ್ಕೊಮ್ಮೆ ಹೋಗಬಲ್ಲ ಜಾಗಗಳು.

ಉತ್ತರಗಳಲ್ಲಿ ಇನ್ನೊಂದು ವರ್ಗವೂ ಕಾಣಿಸುತ್ತದೆ. ವಿಳಾಸ ಬೆಂಗಳೂರಿನದು, ಚಿತ್ರಗಳೆಲ್ಲ ಹೊಸನಗರದವು. ಹಬ್ಬಕ್ಕೆ, ಜಾತ್ರೆಗೆ, ಅಡಿಕೆ ಕೊಯ್ಲಿಗೆ ಊರಿಗೆ ಬಂದಾಗ ಮನೆಯ ಹಿಂದಿನ ಗುಡ್ಡ ಹತ್ತುವ ಇವರನ್ನು ಹೊರಗಿನವರೆಂದು ಬಿಡಬೇಡಿ. ಅವರಿಗೆ ಊರಿನ ಮನೆ, ತೋಟ, ಪರಿಚಯದ ಹಿರಿಯರು ಇದ್ದಾರೆ. ಗುಂಪಿಗೆ ಇಳಿದುಕೊಳ್ಳಲು ಜಾಗ ಸಿಗುವುದು ಅನೇಕ ಸಲ ಇವರಿಂದಲೇ. ಮತದಾನ, ಸಂಚಾಲಕತ್ವ ಮಾತ್ರ ಸ್ಥಳದಲ್ಲೇ ಇರುವವರ ಕೈಯಲ್ಲಿರಲಿ.

ಒಂದು ಪ್ರದೇಶದಿಂದ ಸಕ್ರಿಯರಾದ ಹತ್ತು ಹನ್ನೆರಡು ಮಂದಿಯಾದರೂ ಸಿಗದಿದ್ದರೆ ಪ್ರತ್ಯೇಕ ಗುಂಪು ಬೇಡ, ನೆರೆಯ ಪ್ರದೇಶದೊಂದಿಗೆ ಸೇರಿಕೊಳ್ಳಲಿ. ಹೆಸರು ಕೊಟ್ಟವರು ಬೇರೆ, ಸಕ್ರಿಯರು ಬೇರೆ. ಕಳೆದ ಆರು ತಿಂಗಳಲ್ಲಿ ಮೂಲ ಬಳಗದಲ್ಲಿ ಒಂದಾದರೂ ಚಿತ್ರ ಹಾಕಿದವರನ್ನು ಎಣಿಸಿ.

ಹಂತ 2: ಗಡಿ ಎಳೆಯಿರಿ, ತಾಲ್ಲೂಕಿನ ನಕ್ಷೆಯನ್ನು ಪಕ್ಕಕ್ಕಿಟ್ಟು

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ: ತಾಲ್ಲೂಕು ಏಳಿವೆ ಎಂದು ಏಳು ಗುಂಪು ಮಾಡುವುದು ಎಲ್ಲರಿಗೂ ತಟ್ಟನೆ ಹೊಳೆಯುವ ದಾರಿ. ಕಂದಾಯ ವಸೂಲಿಗೆ ಎಳೆದ ಆ ಗೆರೆಗಳಿಗೂ ಹಕ್ಕಿಗಳಿಗೂ ಸಂಬಂಧವಿಲ್ಲ. ಲಕ್ಕವಳ್ಳಿ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿಗೆ ಸೇರಿದೆ. ಆದರೆ ಭದ್ರಾ ಹಿನ್ನೀರಿನ ರೀವ (ರಿವರ್ ಟರ್ನ್) ಹಕ್ಕಿಗಳನ್ನು ನೋಡಲು ಭದ್ರಾವತಿ, ಬಿ.ಆರ್.ಪಿ. (ಭದ್ರಾ ಅಣೆಕಟ್ಟೆ ಬಳಿಯ ಊರು) ಕಡೆಯವರಿಗಿಂತ ಹತ್ತಿರದವರು ಯಾರು? ಆಗುಂಬೆಯವರಿಗೆ ಶಿವಮೊಗ್ಗಕ್ಕಿಂತ ಶೃಂಗೇರಿ ಎಷ್ಟೋ ಹತ್ತಿರ. ಸೊರಬದ ಕೆರೆಗಳನ್ನು ನೋಡಿದವರು ಅದೇ ಬೆಳಿಗ್ಗೆ ವರದೆಯ ದಂಡೆಯ ಬನವಾಸಿಯನ್ನೂ ಮುಗಿಸಿ ಬರಬಹುದು, ಅದು ಉತ್ತರ ಕನ್ನಡದ ಶಿರಸಿ ತಾಲ್ಲೂಕು.

ನನ್ನ ಸಲಹೆ: ಮೊದಲು ಹೊಳೆಗಳನ್ನು ನೋಡಿ, ಆಮೇಲೆ ಬಸ್ಸಿನ ದಾರಿಗಳನ್ನು ನೋಡಿ. ಎರಡೂ ಕೂಡುವ ಕಡೆ ಪ್ರದೇಶ ತಾನಾಗಿ ಕಾಣಿಸುತ್ತದೆ. ಈ ಲೆಕ್ಕದಲ್ಲಿ ಶಿವಮೊಗ್ಗದ ಸುತ್ತ ನಾಲ್ಕು ಗುಂಪುಗಳಾಗಬಹುದು.

ಒಂದು, ತುಂಗೆ ಮತ್ತು ಭದ್ರೆ ಬಯಲಿಗೆ ಇಳಿಯುವ ಭಾಗ. ಶಿವಮೊಗ್ಗ, ಭದ್ರಾವತಿ, ಲಕ್ಕವಳ್ಳಿ. ಸಕ್ರೆಬೈಲಿನ ಆನೆ ಬಿಡಾರ, ಗಾಜನೂರಿನ ಹಿನ್ನೀರು, ಶೆಟ್ಟಿಹಳ್ಳಿ ಕಾಡಿನ ಅಂಚು, ಎರಡೂ ಹೊಳೆಗಳು ಕೂಡುವ ಕೂಡಲಿ ಇದರೊಳಗೆ ಬರುತ್ತವೆ. ಎರಡು, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕೊಪ್ಪ ಸೇರಿದ ಮೇಲಣ ತುಂಗೆಯ ಭಾಗ. ಕಪ್ಪೆ, ಹಾವು, ಅಣಬೆ, ಮಳೆ ಇಲ್ಲಿನ ಬಂಡವಾಳ. ಮೂರು, ಶರಾವತಿ: ಹೊಸನಗರ, ನಗರ (ಬಿದನೂರು), ಕೊಡಚಾದ್ರಿ, ಸಾಗರ, ಕಾರ್ಗಲ್, ಜೋಗ, ತುಮರಿ. ನಾಲ್ಕು, ಸೊರಬ ಮತ್ತು ಶಿಕಾರಿಪುರದ ಅರೆಮಲೆನಾಡು. ಇದು ವರದಾ, ಕುಮುದ್ವತಿ ಹೊಳೆಗಳ, ನೂರಾರು ಕೆರೆಗಳ, ಕಾನು ಎಂಬ ದಟ್ಟ ಕಾಡಿನ ತುಂಡುಗಳ ಸೀಮೆ. ಗುಡವಿ ಪಕ್ಷಿಧಾಮ ಇಲ್ಲಿದೆ.

ಹೊಳೆಯ ಲೆಕ್ಕವನ್ನೂ ಹಟ ಹಿಡಿದು ಪಾಲಿಸಬೇಕಿಲ್ಲ. ಶರಾವತಿ ಹುಟ್ಟುವ ಅಂಬುತೀರ್ಥ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ, ಅಲ್ಲಿನವರು ಯಾವ ಗುಂಪಿಗೆ ಬೇಕಾದರೂ ಸೇರಲಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸುಮಾರು 30 ಕಿ.ಮೀ. ದೂರಕ್ಕೆ ಸಿಗುವ ಮಂಡಗದ್ದೆ ಪಕ್ಷಿಧಾಮ ಎರಡು ಗುಂಪುಗಳ ನಡುವೆ ಬೀಳುತ್ತದೆ. ಬೀಳಲಿ. ಇಬ್ಬರೂ ಬರುವ ಜಾಗ ಒಂದಿದ್ದರೆ ಗುಂಪುಗಳ ನಡುವೆ ಮಾತುಕತೆ ಉಳಿಯುತ್ತದೆ. ಒಬ್ಬರು ಎರಡು ಗುಂಪುಗಳಲ್ಲಿ ಇರಬಾರದೆಂಬ ನಿಯಮವನ್ನೂ ಮಾಡಬೇಡಿ.

ವರ್ಷಕ್ಕೊಮ್ಮೆ ಗಡಿಯನ್ನು ಮತ್ತೆ ನೋಡಿ, ಏಕೆಂದರೆ ದಾರಿಗಳು ಬದಲಾಗುತ್ತವೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈನಲ್ಲಿ ತೆರೆಯುವ ತನಕ ತುಮರಿ ಕಡೆಯವರು ಸಾಗರಕ್ಕೆ ಬರಲು ಹಿನ್ನೀರು ದಾಟಿಸುವ ಲಾಂಚ್ ಕಾಯಬೇಕಿತ್ತು. ಕೊನೆಯ ಲಾಂಚ್ ತಪ್ಪಿದರೆ ಸಂಜೆಯ ಬೆಳಕಿನ ಆಸೆ ಬಿಟ್ಟಂತೆಯೇ. ಈಗ ಹಿನ್ನೀರಿನ ಎರಡೂ ದಡದವರು ಒಂದೇ ಗುಂಪಿನಲ್ಲಿರಬಹುದು.

ಹಂತ 3: ಸಂಚಾಲಕರು ಮತ್ತು ಮೂಲ ಬಳಗದೊಡನೆ ಒಪ್ಪಂದ

ಒಂದು ಗುಂಪಿಗೆ ಮೂವರು ಸಂಚಾಲಕರಿರಲಿ, ಮೂವರೂ ಬೇರೆ ಬೇರೆ ಊರಿನವರಾಗಿರಲಿ. ನಗರದಲ್ಲಿರುವ, ದೊಡ್ಡ ಲೆನ್ಸ್ ಇರುವ, ಪ್ರಶಸ್ತಿ ಬಂದಿರುವ ಮೂವರನ್ನೇ ಆರಿಸಿದರೆ ಉಳಿದವರು ಪ್ರೇಕ್ಷಕರಾಗಿ ಕುಳಿತುಬಿಡುತ್ತಾರೆ. ಮೂವರಲ್ಲಿ ಒಬ್ಬರಾದರೂ ಮೊಬೈಲಿನಲ್ಲೇ ಚಿತ್ರ ತೆಗೆಯುವ, ಊರಿನ ಒಳದಾರಿ ಗೊತ್ತಿರುವ ರೈತರೋ ಶಿಕ್ಷಕರೋ ಅಂಚೆಯವರೋ ಆಗಿರಲಿ. ಮಲೆನಾಡಿನಲ್ಲಿ ಯಾವ ಮರದ ಪೊಟರೆಯಲ್ಲಿ ಯಾವ ಹಕ್ಕಿಯಿದೆ ಎಂದು ಮೊದಲು ತಿಳಿಯುವುದು ಅಡಿಕೆ ಮರ ಹತ್ತುವ ಕೊನೆಗಾರರಿಗೆ. ಅಂಥವರೊಬ್ಬರು ಗುಂಪಿಗೆ ಬಂದರೆ ನಿಮ್ಮ ಅದೃಷ್ಟ. ಮಹಿಳೆಯರೊಬ್ಬರು ಸಂಚಾಲಕರಾಗಿದ್ದರೆ ಬೆಳಗಿನ ಜಾವದ ಸುತ್ತಾಟಕ್ಕೆ ಬರಲು ಉಳಿದ ಮಹಿಳೆಯರಿಗೂ ಧೈರ್ಯ ಬರುತ್ತದೆ.

ಅವಧಿ ಒಂದು ವರ್ಷ. ಬದಲಾವಣೆ ಮೇ ತಿಂಗಳಲ್ಲಿ ಆಗಲಿ. ಹೊಸಬರಿಗೆ ಮಳೆಗಾಲ ಪೂರ್ತಿ ಸಿಗುತ್ತದೆ.

ಮೂಲ ಬಳಗದೊಡನೆ ಒಂದು ಪುಟದ ಒಪ್ಪಂದವನ್ನು ಬರೆದಿಟ್ಟುಕೊಳ್ಳಿ. ಬಾಯಿಮಾತು ಸಾಲದು. ಸುತ್ತಾಟ, ದಿನಾಂಕ, ಸ್ಥಳೀಯ ನಿಯಮಗಳನ್ನು ಗುಂಪೇ ತೀರ್ಮಾನಿಸುತ್ತದೆ. ಬಳಗದ ಹೆಸರು, ಲಾಂಛನ, ಸ್ಪರ್ಧೆ, ಹಣ ಸಂಗ್ರಹ, ಸದಸ್ಯರನ್ನು ಬಳಗದಿಂದಲೇ ಹೊರಹಾಕುವುದು ಮೂಲ ಬಳಗದ ಅಧಿಕಾರ. ನಡುವೆ ಬರುವ ಪ್ರಶ್ನೆಗಳೂ ಇವೆ. ಗುಂಪಿನ ಹೆಸರಿನಲ್ಲಿ ಅರಣ್ಯ ಇಲಾಖೆಗೆ ಪತ್ರ ಬರೆಯಬಹುದೇ? ಪತ್ರಿಕೆಗೆ ಹೇಳಿಕೆ ಕೊಡಬಹುದೇ? ಕೊಡಬಹುದಾದರೆ ಯಾರ ಸಹಿ? ತಕರಾರು ಹುಟ್ಟುವುದು ಇಲ್ಲಿಯೇ ಆದ್ದರಿಂದ ಮೊದಲೇ ಬರೆದಿಡಿ.

ಹಂತ 4: ಯಾವುದು ಎಲ್ಲಿ

ಮೂರು ಕೆಲಸಕ್ಕೆ ಮೂರು ಜಾಗ. ತಯಾರಾದ ಚಿತ್ರಗಳು ಮೂಲ ಬಳಗಕ್ಕೆ, ಪ್ರದೇಶದ ಹ್ಯಾಷ್‌ಟ್ಯಾಗ್‌ನೊಂದಿಗೆ. ದಿನನಿತ್ಯದ ಮಾತುಕತೆ ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿಗೆ. ಜಾಗಗಳ ಪಟ್ಟಿ, ಕ್ಯಾಲೆಂಡರ್, ನಿಯಮಗಳು ಸಂಚಾಲಕರ ಕೈಯಲ್ಲಿರುವ ಒಂದು ಹಂಚಿಕೆಯ ಕಡತಕ್ಕೆ. ತಯಾರಾದ ಚಿತ್ರವನ್ನು ಮೊದಲು ಪ್ರಾದೇಶಿಕ ಗುಂಪಿನಲ್ಲಿ ಹಾಕಲು ಬಿಟ್ಟರೆ ಆರು ತಿಂಗಳಲ್ಲಿ ಮೂಲ ಬಳಗ ಬರಿದಾಗುತ್ತದೆ. ಚಿತ್ರಗಳ ಬಗ್ಗೆ ನಿಷ್ಠುರವಾಗಿ ವಿಮರ್ಶೆ ಮಾಡಬಲ್ಲ ದೂರದೂರಿನ ಕಣ್ಣುಗಳೂ ಆಗ ಸಿಗುವುದಿಲ್ಲ. ಊರಿನವರು ಊರಿನವರ ಚಿತ್ರವನ್ನು ಬೈಯುವುದು ಅಪರೂಪ.

ಗುಂಪಿನೊಳಗೆ ಹಾಕಬೇಕಾದದ್ದು ಬೇರೆ: 'ಗಾಜನೂರಿನಲ್ಲಿ ನೀರು ಇಳಿದಿದೆ', 'ಈ ಕಪ್ಪೆ ಯಾವುದು?', 'ಭಾನುವಾರ ಸೊರಬದ ಕಡೆ ಹೋಗುತ್ತಿದ್ದೇನೆ, ಕಾರಿನಲ್ಲಿ ಇಬ್ಬರಿಗೆ ಜಾಗವಿದೆ.'

ನೆಟ್‌ವರ್ಕ್ ಮರೆಯಬೇಡಿ. ಹೊಸನಗರ, ಸಾಗರದ ಒಳಭಾಗಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡದ ನೆತ್ತಿಗೆ ಹೋಗುವವರು ಈಗಲೂ ಇದ್ದಾರೆ. ಮುಖ್ಯ ಸೂಚನೆಯನ್ನು ಚಿತ್ರದ ಮೇಲೆ ಅಕ್ಷರ ಜೋಡಿಸಿ ಕಳಿಸಬೇಡಿ, ಸರಳ ಅಕ್ಷರಗಳಲ್ಲೇ ಬರೆಯಿರಿ. ಎಷ್ಟೇ ದುರ್ಬಲ ಸಿಗ್ನಲ್ ಇದ್ದರೂ ಅದು ತಲುಪುತ್ತದೆ.

ಹಂತ 5: ಜಾಗದ ಗುಟ್ಟು ಕಾಯುವ ನಿಯಮ

ಉಳಿದ ಹಂತಗಳಲ್ಲಿ ಎಡವಿದರೆ ಗುಂಪು ಸೊರಗುತ್ತದೆ, ಅಷ್ಟೇ. ಇಲ್ಲಿ ಎಡವಿದರೆ ಪ್ರಾಣಿಗಳು ಸಾಯುತ್ತವೆ.

ಮಂಗಟ್ಟೆ ಹಕ್ಕಿಯನ್ನೇ ನೋಡಿ. ಬೇಸಿಗೆಯ ಮರಿ ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಪೊಟರೆಯ ಬಾಯಿಯನ್ನು ತನ್ನ ಹಿಕ್ಕೆ ಮೊದಲಾದವುಗಳಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಚಾಚುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗೂ ಹಣ್ಣು ತಂದು ಕೊಡುವುದು ಗಂಡು. ಮರದ ಕೆಳಗೆ ನಾಲ್ಕು ಜನ ಕ್ಯಾಮೆರಾ ಹಿಡಿದು ನಿಂತರೆ ಗಂಡು ಹತ್ತಿರದ ಕೊಂಬೆಗೆ ಬಂದು, ಹಿಂಜರಿದು, ತಿರುಗಿ ಹೋಗುತ್ತದೆ. ಹೀಗೆ ಪದೇ ಪದೇ ಆದರೆ ಒಳಗಿರುವವು ಹಸಿಯುತ್ತವೆ. ಬಂದವರು ಯಾರೂ ಕೆಟ್ಟವರಲ್ಲ, ಪ್ರತಿಯೊಬ್ಬರೂ 'ಐದೇ ನಿಮಿಷ' ಎಂದುಕೊಂಡೇ ಬಂದವರು. ಗುಂಪಿನಲ್ಲಿ ಒಬ್ಬರು ಹಾಕಿದ ಒಂದು ಲೊಕೇಶನ್ ಪಿನ್ ಅವರನ್ನೆಲ್ಲ ಅಲ್ಲಿಗೆ ಕರೆತಂದಿರುತ್ತದೆ.

ಭದ್ರಾ ಹಿನ್ನೀರಿನಲ್ಲಿ ಜನ ರಿವರ್ ಟರ್ನ್ ಎಂದೇ ಕರೆಯುವ ರೀವ ಹಕ್ಕಿಗಳ ಕಥೆಯೂ ಇಂಥದೇ. ಬೇಸಿಗೆಯಲ್ಲಿ ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳ ಬರಿ ನೆಲದ ಮೇಲೆ ಅವು ಮೊಟ್ಟೆ ಇಡುತ್ತವೆ. ಯಾರಾದರೂ ನಡುಗಡ್ಡೆಗೆ ಇಳಿದರೆ ತಾಯಿಹಕ್ಕಿಗಳು ಮೇಲೇಳುತ್ತವೆ, ಮೊಟ್ಟೆಗಳು ಏಪ್ರಿಲ್ ಬಿಸಿಲಿಗೆ ತೆರೆದುಕೊಳ್ಳುತ್ತವೆ.

ಆದ್ದರಿಂದ ಸ್ಥಳದ ಮಾಹಿತಿಯನ್ನು ಮೂರು ಮಟ್ಟಗಳಲ್ಲಿ ವಿಂಗಡಿಸಿ. ಮಂಡಗದ್ದೆ, ಗುಡವಿ, ಕುಂದಾದ್ರಿಯಂತಹ ಎಲ್ಲರಿಗೂ ತಿಳಿದ ಜಾಗಗಳ ಹೆಸರನ್ನು ಎಲ್ಲಿ ಬೇಕಾದರೂ ಬರೆಯಬಹುದು. ಕೆರೆ, ತೋಟ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕಾನುಗಳ ಹೆಸರು ಗುಂಪಿನೊಳಗೆ ಮಾತ್ರ. ಹೊರಗೆ 'ಸೊರಬದ ಕಡೆ' ಎಂದರೆ ಸಾಕು. ಮೂರನೆಯ ಮಟ್ಟದ್ದು ಗುಂಪಿನಲ್ಲೂ ಬೇಡ. ಯಾವುದೇ ಹಕ್ಕಿಯ ಗೂಡು, ಗೂಬೆಗಳು ಹಗಲು ಕೂರುವ ಮರ, ಕಾಳಿಂಗ ಸರ್ಪ ತರಗೆಲೆ ಗುಡ್ಡೆಹಾಕಿ ಕಟ್ಟಿದ ಗೂಡು, ಕಾಡುಪಾಪ (ಲೋರಿಸ್), ಚಿಪ್ಪುಹಂದಿ, ಸಿಂಗಳೀಕದ ಹಿಂಡು, ಅಪರೂಪದ ಸೀತಾಳೆ (ಆರ್ಕಿಡ್) ಇದಕ್ಕೆ ಸೇರುತ್ತವೆ. ಕಂಡವರು ಒಬ್ಬ ಸಂಚಾಲಕರಿಗೆ ಹೇಳಲಿ, ಅಗತ್ಯವೆನಿಸಿದರೆ ಅವರು ಅರಣ್ಯ ಇಲಾಖೆಯವರಿಗೆ ತಿಳಿಸಲಿ. ಶರಾವತಿ ಅಭಯಾರಣ್ಯವನ್ನು 2019ರಲ್ಲಿ ಸಿಂಗಳೀಕದ ಹೆಸರಿನಲ್ಲೇ ವಿಸ್ತರಿಸಲಾಗಿದೆ. ಶರಾವತಿ ಗುಂಪಿನವರ ಹೊಣೆ ಈ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು.

ಜೀವಿಗಳ ದಾಖಲೆ ಇಡುವ ಐನ್ಯಾಚುರಲಿಸ್ಟ್ ತಾಣ ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು ತಾನಾಗಿಯೇ ಮರೆಮಾಡುತ್ತದೆ. ನೋಡುವವರಿಗೆ ಕಾಣಿಸುವುದು ಸುಮಾರು 20 ಕಿ.ಮೀ. ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ. ನಿಮ್ಮ ಗುಂಪಿಗೂ ಈ ಅಳತೆ ಒಳ್ಳೆಯ ಮಾದರಿ.

ನಾವು ಬಾಯಿ ಬಿಡದಿದ್ದರೂ ಚಿತ್ರದ ಕಡತ ಬಾಯಿ ಬಿಡುತ್ತದೆ ಎಂಬುದನ್ನು ಹೊಸಬರಿಗೆ ಹೇಳಿಕೊಡಿ. ಮೊಬೈಲಿನ ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ಚಿತ್ರದೊಳಗೆ ಅಕ್ಷಾಂಶ, ರೇಖಾಂಶ ದಾಖಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಆ ಮಾಹಿತಿ ಅಳಿಸಿಹೋಗುತ್ತದೆ. ಗುಣಮಟ್ಟ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಕಡತ ಇದ್ದಂತೆಯೇ ಹೋಗುತ್ತದೆ, ಜಾಗದ ಗುರುತಿನ ಸಮೇತ. ಚೆನ್ನಾಗಿ ಕಳಿಸಬೇಕೆಂಬ ಕಾಳಜಿಯುಳ್ಳವರೇ ಹೀಗೆ ಗುಟ್ಟು ಬಿಟ್ಟುಕೊಡುತ್ತಾರೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಲೊಕೇಶನ್ ಬಂದ್ ಮಾಡಿಬಿಡುವುದು ಉತ್ತಮ.

ಕಾನೂನಿನ ಒಂದು ಮಾತನ್ನೂ ನಿಯಮಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬುದರ ವ್ಯಾಖ್ಯೆ ಕೋವಿಗೆ ನಿಲ್ಲುವುದಿಲ್ಲ. ಕಾಡುಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ. ಗೂಡು ಚೆನ್ನಾಗಿ ಕಾಣಲೆಂದು ಅಡ್ಡದ ಕೊಂಬೆ ಕಡಿಯುವವರಿಗೆ ಇದು ಗೊತ್ತಿರಲಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಡ್ರೋನ್ ಹಾರಿಸುವುದಂತೂ ಬೇಡವೇ ಬೇಡ.

ಉಳಿದ ನಿಯಮಗಳು ಚಿಕ್ಕವು. ಹಕ್ಕಿ ಕರೆಯಲು ಧ್ವನಿಮುದ್ರಿಕೆ ಹಾಕಬಾರದು. ಹಾವು ಹಿಡಿದು ಭಂಗಿ ಕೊಡಿಸಿದ ಚಿತ್ರಕ್ಕೆ ಜಾಗವಿಲ್ಲ. ಕಪ್ಪೆಯನ್ನು ಎತ್ತಿ ಚೆಂದದ ಎಲೆಯ ಮೇಲೆ ಕೂರಿಸಬಾರದು. ಅದರ ಚರ್ಮ ತೆಳು, ಸೊಳ್ಳೆಗೆಂದು ಕೈಗೆ ಹಚ್ಚಿಕೊಂಡ ಮುಲಾಮು ಅದರೊಳಗೆ ಇಳಿಯುತ್ತದೆ.

ಹಂತ 6: ಮೊದಲ ಸುತ್ತಾಟ

ಮೊದಲ ಭೇಟಿಗೆ ದಟ್ಟ ಕಾಡು ಬೇಡ. ಎಲ್ಲರೂ ಬಸ್ಸಿನಲ್ಲಿ ಬರಬಹುದಾದ, ಹೊಸಬರಿಗೂ ಏನಾದರೂ ಖಂಡಿತ ಸಿಗುವ ಜಾಗ ಆರಿಸಿ. ನನ್ನ ಆಯ್ಕೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ರಸ್ತೆ ಹೊಳೆಯ ಪಕ್ಕದಲ್ಲೇ ಇದೆ, ವೀಕ್ಷಣಾ ಗೋಪುರವಿದೆ. ನಮಗೂ ಗೂಡುಗಳಿಗೂ ನಡುವೆ ತುಂಬು ಹೊಳೆ ಹರಿಯುವುದರಿಂದ ಅತ್ಯುತ್ಸಾಹಿಗಳು ಹತ್ತಿರ ಹೋಗುವ ಭಯವೂ ಇಲ್ಲ. ಸೊರಬದವರಿಗೆ ಇದೇ ರೀತಿ ಗುಡವಿ. ಅಲ್ಲಿ ಕೆಂಬರಲು (ಐಬಿಸ್) ಹಕ್ಕಿಗಳು ಗುಂಪುಗುಂಪಾಗಿ ಮರಿ ಮಾಡುತ್ತವೆ.

ಸೂಚನೆ ಹೀಗಿರಲಿ:

'ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 6.30ಕ್ಕೆ ಮಂಡಗದ್ದೆ ವೀಕ್ಷಣಾ ಗೋಪುರದ ಬಳಿ ಸೇರೋಣ. ಶಿವಮೊಗ್ಗದಿಂದ ಬರುವವರು ತೀರ್ಥಹಳ್ಳಿ ಬಸ್ ಹತ್ತಬಹುದು. ಮೊಬೈಲ್ ಇದ್ದರೂ ಸಾಕು, ದೊಡ್ಡ ಕ್ಯಾಮೆರಾ ಇರಲೇಬೇಕೆಂದಿಲ್ಲ. ಛತ್ರಿ, ಕ್ಯಾಮೆರಾಗೆ ಮಳೆ ಹೊದಿಕೆ ತನ್ನಿ. 9.30ಕ್ಕೆ ಮುಗಿಸಿ ಒಟ್ಟಿಗೆ ತಿಂಡಿ ತಿನ್ನೋಣ, ಖರ್ಚು ಅವರವರದು. ಜೋರು ಮಳೆಯಿದ್ದರೆ ಶನಿವಾರ ರಾತ್ರಿ 8ರೊಳಗೆ ತಿಳಿಸುತ್ತೇವೆ. ಬರುವವರು ಹೆಸರು, ಊರು ಬರೆಯಿರಿ.'

ಗೋಪುರದಲ್ಲಿ ಒಟ್ಟಿಗೆ ಎಲ್ಲರೂ ನಿಲ್ಲಲಾಗದು. ಹೊಸಬರನ್ನು ಮೊದಲು ಬಿಡಿ. ದೊಡ್ಡ ಲೆನ್ಸಿನವರು ಕಾಯಲಿ, ಅವರಿಗೆ ದಡದಿಂದಲೂ ಚಿತ್ರ ಸಿಗುತ್ತದೆ. ತಿಂಡಿಯ ಹೊತ್ತಿನಲ್ಲಿ ಮುಂದಿನ ಭೇಟಿಯ ದಿನ ಮತ್ತು ಜಾಗ ತೀರ್ಮಾನಿಸಿಯೇ ಏಳಿ. ಮನೆಗೆ ಹೋಗಿ ಮತದಾನ ಮಾಡೋಣ ಎಂದರೆ ಅದು ಆಗುವುದಿಲ್ಲ.

ಹಂತ 7: ಕಾಡಿಗೆ ಹೋಗುವ ಮುನ್ನ

ಮಂಗನ ಕಾಯಿಲೆಯ ಬಗ್ಗೆ ಸ್ಪಷ್ಟ ನಿಯಮವಿಲ್ಲದೆ ಮಲೆನಾಡಿನ ಯಾವ ಗುಂಪೂ ಕಾಡಿನ ಸುತ್ತಾಟ ಇಟ್ಟುಕೊಳ್ಳಬಾರದು. 1957ರಲ್ಲಿ ಇದು ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವಗಳನ್ನು ಬಲಿ ತೆಗೆದುಕೊಂಡಿತು. ರೋಗ ಹರಡುವುದು ಉಣುಗು ಎಂಬ ರಕ್ತ ಹೀರುವ ಹುಳುಗಳಿಂದ, ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ. ನಮಗೆ ಹಕ್ಕಿಗಳ ಚಿತ್ರಕ್ಕೆ ಒಳ್ಳೆಯ ಬೆಳಕು, ಒಣ ದಾರಿ ಸಿಗುವ ತಿಂಗಳುಗಳೂ ಇವೇ.

ಹಾಗಾಗಿ ಆ ತಿಂಗಳುಗಳಲ್ಲಿ ದಿನ ಗೊತ್ತುಮಾಡುವ ಮೊದಲು ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ. ಮಂಗ ಸತ್ತ ಸುದ್ದಿಯಿರುವ ಕಡೆಗೆ ಹೋಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಚಿತ್ರವನ್ನೂ ತೆಗೆಯದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಉದ್ದ ತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಆರೋಗ್ಯ ಇಲಾಖೆ ಹಂಚುವ ಉಣುಗು ನಿವಾರಕ ಎಣ್ಣೆ ಕಡ್ಡಾಯ. ತರಗೆಲೆಯ ಮೇಲೆ ಮಲಗಿ ಚಿತ್ರ ತೆಗೆಯುವ ಆಸೆಯನ್ನು ಮಳೆ ಹಿಡಿಯುವ ತನಕ ಮುಂದೂಡಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಮುಂದಿನ ದಿನಗಳಲ್ಲಿ ಯಾರಿಗೇ ಜ್ವರ ಬಂದರೂ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು, ಗುಂಪಿಗೂ ತಿಳಿಸಬೇಕು.

ಇಂಬಳದ (ಜಿಗಣೆಯ) ಬಗ್ಗೆ ಇಷ್ಟು ಗಾಬರಿ ಬೇಡ. ಸುಣ್ಣ, ತಂಬಾಕು, ಉಪ್ಪು, ಊರಿಗೊಂದು ಮದ್ದಿದೆ. ಆಗುಂಬೆಯಲ್ಲಿ ಇಂಬಳದ ಕಾಟವಿಲ್ಲದೆ ಕಪ್ಪೆಯ ಚಿತ್ರ ಸಿಗುವುದಿಲ್ಲ.

ಇನ್ನುಳಿದದ್ದು ಖಾಸಗಿ ಜಾಗಗಳು. ತೋಟ, ಸೊಪ್ಪಿನ ಬೆಟ್ಟಕ್ಕೆ ಹೋಗುವ ಮುನ್ನ ಯಜಮಾನರನ್ನು ಕೇಳಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಎಷ್ಟೇ ಪರಿಚಯವಿದ್ದರೂ ಹೋಗಬೇಡಿ. ಮಳೆ ಬಿಡುವು ಕೊಟ್ಟ ಆ ಎರಡು ದಿನ ಅವರಿಗೆ ವರ್ಷದ ಫಸಲಿನ ಪ್ರಶ್ನೆ.

ಹಂತ 8: ವರ್ಷದ ಪಟ್ಟಿ

ಮಲೆನಾಡಿನಲ್ಲಿ ಕ್ಯಾಲೆಂಡರನ್ನು ಮಳೆಯಿಂದ ಎಣಿಸಿ. ಮೇ ಕೊನೆಯ ಮುಂಗಾರು ಪೂರ್ವ ಮಳೆಗೆ ಮಿಂಚುಹುಳುಗಳು ಏಳುತ್ತವೆ. ಆಗ ಟಾರ್ಚ್, ವಾಹನದ ದೀಪ ಎರಡೂ ಆರಿರಲಿ. ಮೃಗಶಿರಾ, ಆರಿದ್ರಾ ಮಳೆ ಹಿಡಿದರೆ ಕಪ್ಪೆಗಳ ರಾತ್ರಿ. ಹಾರುವ ಕಪ್ಪೆಗಳು ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಮಾಡುವುದು ಆಗಲೇ. ಸೆಪ್ಟೆಂಬರ್, ಅಕ್ಟೋಬರಿನ ಬಿಸಿಲಿಗೆ ಚಿಟ್ಟೆಗಳು. ನವೆಂಬರ್ ಬಂತೆಂದರೆ ಸೊರಬ, ಶಿಕಾರಿಪುರದ ಕೆರೆಗಳಿಗೆ ವಲಸೆ ಬಾತುಗಳು. ಫೆಬ್ರವರಿ, ಮಾರ್ಚಿನಲ್ಲಿ ಮುತ್ತುಗ, ಬೂರುಗ ಹೂಬಿಟ್ಟಾಗ ಒಂದು ಮರದ ಬಳಿ ಸುಮ್ಮನೆ ಕುಳಿತರೆ ಬೆಳಗಿಡೀ ಹಕ್ಕಿಗಳು ತಾವಾಗಿ ಬರುತ್ತವೆ.

ಪ್ರತಿ ತಿಂಗಳೂ ಒಂದು ಭೇಟಿ ಎಂಬ ಹಟ ಬೇಡ. ಜುಲೈನಲ್ಲಿ ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿದರೆ ಎಲ್ಲ ಯೋಜನೆಯೂ ಅಷ್ಟೇ. ನಾಲ್ಕು ಗುಂಪುಗಳೂ ಒಟ್ಟಿಗೆ ಸೇರಲು ಎರಡು ಸಂದರ್ಭಗಳನ್ನು ಗೊತ್ತುಮಾಡಿ: ಅಕ್ಟೋಬರ್ 2ರಿಂದ 8ರ ವನ್ಯಜೀವಿ ಸಪ್ತಾಹ ಮತ್ತು ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಜಾಗತಿಕ ಎಣಿಕೆ. ಸಪ್ತಾಹದಲ್ಲಿ ಚಿತ್ರಗಳನ್ನು ಮುದ್ರಿಸಿ ಹಳ್ಳಿಯ ಪ್ರೌಢಶಾಲೆಯಲ್ಲಿ ಪ್ರದರ್ಶನ ಇಡಿ. ನಗರದ ಸಭಾಂಗಣದಲ್ಲಿ ಇಟ್ಟರೆ ಛಾಯಾಗ್ರಾಹಕರೇ ಬಂದು ನೋಡಿ ಹೋಗುತ್ತಾರೆ.

ಹಂತ 9: ತಕರಾರು, ಮತ್ತು ಮುಚ್ಚುವ ಸಂದರ್ಭ

ಬರುವ ಜಗಳಗಳು ಹೆಚ್ಚಾಗಿ ಎರಡೇ ಬಗೆಯವು. ಒಬ್ಬರ ಚಿತ್ರವನ್ನು ಇನ್ನೊಬ್ಬರು ಹೆಸರಿಲ್ಲದೆ ಹಂಚುವುದು ಒಂದು. ಚಿತ್ರದ ಹಕ್ಕು ತೆಗೆದವರದು, ಗುಂಪಿನದಲ್ಲ. ಪತ್ರಿಕೆಯೋ ರೆಸಾರ್ಟೋ ಕೇಳಿದರೆ ಸಂಚಾಲಕರು ಛಾಯಾಗ್ರಾಹಕರ ಸಂಪರ್ಕ ಕೊಡಬಹುದೇ ಹೊರತು ಚಿತ್ರ ಕೊಡುವಂತಿಲ್ಲ. ಇನ್ನೊಂದು, ಗೂಡಿನ ಜಾಗ ಬಯಲು ಮಾಡುವುದು. ಮೊದಲ ಸಲ ಆದರೆ ಸಂದೇಶ ಅಳಿಸಿ ಫೋನಿನಲ್ಲಿ ಮಾತನಾಡಿ, ಎಲ್ಲರೆದುರು ಬೈಯಬೇಡಿ. ಎರಡನೆಯ ಸಲಕ್ಕೆ ಗುಂಪಿನಿಂದ ತೆಗೆಯಿರಿ, ಅವರು ಎಷ್ಟೇ ದೊಡ್ಡ ಛಾಯಾಗ್ರಾಹಕರಾಗಿದ್ದರೂ.

ಕೆಲವು ಗುಂಪುಗಳು ನಡೆಯುವುದಿಲ್ಲ. ಸಂಚಾಲಕರು ವರ್ಗವಾಗಿ ಹೋಗುತ್ತಾರೆ, ಹುಡುಗರು ಓದಿಗೆ ಮಂಗಳೂರು, ಬೆಂಗಳೂರು ಸೇರುತ್ತಾರೆ. ಎರಡು ಮಳೆಗಾಲ ಒಂದೂ ಭೇಟಿಯಿಲ್ಲದೆ ಕಳೆದರೆ ಗುಂಪನ್ನು ಮುಚ್ಚಿ ನೆರೆಯ ಗುಂಪಿಗೆ ಸೇರಿಸಿ. ಇದರಲ್ಲಿ ಅವಮಾನವೇನಿಲ್ಲ. ಮುಚ್ಚುವಾಗ ಜಾಗಗಳ ಪಟ್ಟಿ ಮತ್ತು ಕ್ಯಾಲೆಂಡರನ್ನು ಹೊಸ ಸಂಚಾಲಕರಿಗೆ ಒಪ್ಪಿಸಿ, ಆಹ್ವಾನದ ಲಿಂಕ್ ರದ್ದು ಮಾಡಿ, ಸದಸ್ಯರ ಫೋನ್ ಸಂಖ್ಯೆಗಳಿರುವ ಫಾರ್ಮ್ ಅಳಿಸಿ. ಮೂರನೆಯ ಮಟ್ಟದ ಜಾಗಗಳ ವಿವರವನ್ನು ಮಾತ್ರ ಕಡತದಲ್ಲಿ ಕಳಿಸಬೇಡಿ. ಹೊಸ ಸಂಚಾಲಕರನ್ನು ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ ತೋರಿಸಿ.